ಒಂದು ಚಿಟಿಕೆ ಈಸ್ಟ್

ಟೆಕ್ಸಾಸಿನಲ್ಲಿರುವ ಅಕ್ಕನ ಮಗ ಹೋದ ವರ್ಷ ಒಂದು ಶನಿವಾರ ವಿಡಿಯೊ ಕಾಲ್ ಮಾಡಿ ತನ್ನ ಗ್ಯಾರೇಜು ತೋರಿಸಿದ. ಕಾರು ನಿಲ್ಲಬೇಕಾದ ಜಾಗದಲ್ಲಿ ಎರಡು ದೊಡ್ಡ ಸ್ಟೀಲಿನ ಹಂಡೆಗಳಿದ್ದವು. ನಡುವೆ ಒಂದು ಪುಟ್ಟ ಪಂಪು, ಸಿಲಿಕೋನ್ ಪೈಪು. ಗೋಡೆಯ ಮೇಲೆ ಕೆಂಪು ಅಂಕಿಗಳು ಮಿನುಗುವ ಕರಿ ಪೆಟ್ಟಿಗೆ. "ಬಿಯರ್ ಮಾಡೂ ಸೆಟ್ಟು, ಮಾಮಾ. ಎಲ್ಲಾ ನಾನ ಕಟ್ಟೀನಿ," ಅಂದ. ಕಾಲೇಜಿಗೆ ಹೋಗುವಾಗ ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ಜೋಡಿಸಿ ಅಪ್ಪನಿಂದ ಬೈಸಿಕೊಳ್ಳುತ್ತಿದ್ದ ಹುಡುಗ. ಮುಖದಲ್ಲಿ ಅದೇ ಹೊಳಪಿತ್ತು.

ಅವನು ವಿವರಿಸಿದ್ದರಲ್ಲಿ ನನಗೆ ತಿಳಿದಷ್ಟು ಹೇಳುತ್ತೇನೆ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್ ಆಗುತ್ತದೆ. ನಮ್ಮ ಮನೆಗಳಲ್ಲಿ ಕೂಸಿಗೆ ಮೊಳಕೆ ರಾಗಿಯ ಹಿಟ್ಟು ಮಾಡುವ ಹಾಗೆಯೇ. ಮೊಳಕೆಯೊಡೆದ ಕಾಳಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳಿರುತ್ತವೆ. ಅವು ಚೆನ್ನಾಗಿ ಕೆಲಸ ಮಾಡುವುದು ಸುಮಾರು 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ. ಬಹಳ ಏರಿದರೆ ಕೆಟ್ಟುಹೋಗುತ್ತವೆ, ಇಳಿದರೆ ನಿಧಾನವಾಗುತ್ತವೆ. ಒಲೆಯ ಮೇಲೆ ಒಂದು ತಾಸು ಬಿಸಿಯನ್ನು ಹಾಗೆ ಹಿಡಿದಿಡುವುದು ಕಷ್ಟ. ಅದಕ್ಕೇ ಈ ವಿದ್ಯುತ್ತಿನ ಸರಂಜಾಮು. ಹಂಡೆಯೊಳಗೆ 5,500 ವ್ಯಾಟಿನ ಕಾಯಿಲ್ ಇದೆ. ಬಿಸಿ ಎಷ್ಟಾಯಿತೆಂದು ಸೆನ್ಸರು ಪೆಟ್ಟಿಗೆಗೆ ಹೇಳುತ್ತಿರುತ್ತದೆ. ಪೆಟ್ಟಿಗೆಯೊಳಗಿನ ಕಂಟ್ರೋಲರು ಕರೆಂಟನ್ನು ಬಿಟ್ಟು, ಹಿಡಿದು, ಆ ಅಂಕಿ ಅಲ್ಲಾಡದಂತೆ ನೋಡಿಕೊಳ್ಳುತ್ತದೆ. ಆಮೇಲೆ ಕಾಳು ಸೋಸಿ, ಉಳಿದ ಸಿಹಿನೀರನ್ನು ಹಾಪ್ಸ್ ಎಂಬ ಕಹಿ ಹೂವಿನ ಜೊತೆ ಒಂದು ತಾಸು ಕುದಿಸಿ, ಬೇಗ 20 ಡಿಗ್ರಿಗೆ ಆರಿಸಿ, ಈಸ್ಟ್ ಹಾಕಿ ಮುಚ್ಚಿಡಬೇಕು. ಎರಡು ವಾರದಲ್ಲಿ ಸಕ್ಕರೆಯ ಬಹುಪಾಲು ಮದ್ಯವೂ ಗಾಳಿಯೂ ಆಗಿ ಒಡೆದುಕೊಳ್ಳುತ್ತದೆ. ಒಂದು ಸಲಕ್ಕೆ ಇಪ್ಪತ್ತು ಲೀಟರು, ಮದ್ಯಸಾರ ಶೇಕಡಾ 5ರ ಆಸುಪಾಸು.

ಕೊನೆಗೆ ಅಸಲು ಮಾತಿಗೆ ಬಂದ. "ಮುಂದಿನ ವರ್ಷ ಊರಿಗೆ ವಾಪಸ್ ಬರಾಂವ ಅದೀನಿ. ರಾಣೆಬೆನ್ನೂರಾಗ ನಿಮ್ಮ ಮ್ಯಾಲಿನ ಖೋಲಿ ಖಾಲಿ ಐತೆಲ್ಲ, ಇದನ್ನ ಅಲ್ಲೇ ಇಡೋಣು."

"ಇಲ್ಲಿ ಅದು ಗುನ್ಹೆ ಆಗ್ತೈತೆಪಾ," ಅಂದೆ.

"ಇಲ್ಲಿ ಹವ್ಯಾಸ, ಅಲ್ಲಿ ಗುನ್ಹೆ. ಅದೇ ಬಿಯರ್ ಪಿ.ಬಿ. ರೋಡಿನ ಅಂಗಡ್ಯಾಗ ರೊಕ್ಕ ಕೊಟ್ರ ಸಿಗತೈತಿ. ಕಾಯ್ದೆ ಬಿಡ್ರಿ ಮಾಮಾ. ಇದರಾಗ ತಪ್ಪು ಎಲ್ಲೈತಿ, ಅದನ್ನ ಹೇಳ್ರಿ."

ನನಗೆ ಉತ್ತರ ಹೊಳೆಯಲಿಲ್ಲ. ಅದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿದೆ. ಫೋನಿಟ್ಟ ಮೇಲೆ ನನ್ನ ತಲೆಗೆ ಮೊದಲು ಬಂದದ್ದು ತಪ್ಪು ಒಪ್ಪಿನ ವಿಚಾರವಲ್ಲ. ಆ ಖೋಲಿಯ ಕಿಟಕಿಗೆ ಪರದೆ ಇಲ್ಲವಲ್ಲ, ಹಾಕಿಸಬೇಕು ಎಂಬುದು.

ನಾಚಿಕೆ ಯಾಕೆಂದರೆ, 1978ರಲ್ಲಿ, ನಾನು ಏಳನೆಯ ತರಗತಿಯಲ್ಲಿದ್ದಾಗ, ಇಂಥದೇ ಇನ್ನೊಂದು ಮನೆಯತ್ತ ಬೆರಳು ತೋರಿಸಿದ್ದೆ. ನಮ್ಮ ಓಣಿಯ ಕೊನೆಗೆ, ತಿಪ್ಪೆಗಳಾಚೆ, ಒಬ್ಬ ಮುದುಕಿಯ ಗುಡಿಸಲಿತ್ತು. ಎಲ್ಲರೂ ಆಕೆಯನ್ನು ಆಯಿ ಅಂತಲೇ ಕರೆಯುತ್ತಿದ್ದರು. ಬೆಲ್ಲದ ನೀರನ್ನು ಮಡಕೆಯಲ್ಲಿ ಕೊಳೆಹಾಕಿ, ರಾತ್ರಿ ಬಟ್ಟಿ ಇಳಿಸಿ, ಸಂಜೆ ಬಂದವರಿಗೆ ಮಾರುತ್ತಿದ್ದಳು. ಒಂದು ಮಧ್ಯಾಹ್ನ ಜೀಪು ಬಂತು. ಖಾಕಿಯವರೊಬ್ಬರು ಗೋಲಿ ಆಡುತ್ತಿದ್ದ ನಮ್ಮನ್ನು "ಮನಿ ಯಾವುದು?" ಎಂದು ಕೇಳಿದರು. ಉಳಿದ ಹುಡುಗರು ನೆಲ ನೋಡಿದರು. ನಾನು ಕೈ ಎತ್ತಿ ತೋರಿಸಿದೆ. ಕುಡಿತ ಮನೆ ಹಾಳುಮಾಡುತ್ತದೆ ಎಂದು ಶಾಲೆಯಲ್ಲಿ ಪ್ರಬಂಧ ಬರೆದು ಗುರುಗಳಿಂದ ಶಹಬಾಸ್ ಅನ್ನಿಸಿಕೊಂಡವನು ನಾನು. ಮಡಕೆಗಳು ಒಡೆದವು. ಬೆಲ್ಲದ ಕೊಳೆ ಓಣಿಯ ತುಂಬ ಹರಿದು ಮೂರು ದಿನ ಹುಳಿ ವಾಸನೆ ನಿಂತಿತು. ಆಯಿಯನ್ನೂ ಆಕೆಯ ಅಲ್ಯೂಮಿನಿಯಂ ಪಾತ್ರೆಯನ್ನೂ ಜೀಪಿನಲ್ಲಿ ಒಯ್ದರು. ಕೆಲವು ದಿನಗಳ ಮೇಲೆ ಆಕೆ ತಿರುಗಿ ಬಂದಳು, ನನಗೆ ಏನೂ ಅನ್ನಲಿಲ್ಲ. ಆಕೆಯ ಮೊಮ್ಮಗಳು ನನ್ನ ತರಗತಿಯಲ್ಲೇ ಇದ್ದಳು. ಆ ವರ್ಷ ಅವಳು ಶಾಲೆ ಬಿಟ್ಟಳು. ಈ ಎರಡೂ ಸಂಗತಿಗಳಿಗೆ ಸಂಬಂಧವಿದೆ ಎಂದು ನನಗೆ ತಿಳಿಯಲು ಬಹಳ ವರ್ಷ ಬೇಕಾದವು.

ಅದೇ 1978ರ ಅಕ್ಟೋಬರಿನಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಒಂದು ಕಾನೂನಿಗೆ ಸಹಿ ಹಾಕಿದರು. ಮನೆಯಲ್ಲಿ ಒಬ್ಬ ವಯಸ್ಕನಿದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರು ಬಿಯರನ್ನು ತೆರಿಗೆ ಕೊಡದೆ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ಬಟ್ಟಿ ಇಳಿಸುವುದಕ್ಕೆ ಆ ಕಾನೂನು ಅವಕಾಶ ಕೊಡಲಿಲ್ಲ. ಅಳಿಯನ ಗ್ಯಾರೇಜು ನಿಂತಿರುವುದು ಆ ಸಹಿಯ ಮೇಲೆ.

ಅಂದಮೇಲೆ ಮೊದಲ ಉತ್ತರ ಕಾನೂನಿನದೇ ಇರಬಹುದೇ? ನಮ್ಮೂರಿನ ಮಟ್ಟಿಗೆ ಕಾನೂನು ಏನೇನು ಹೇಳಿದೆ ನೋಡೋಣ. ರಾಣೆಬೆನ್ನೂರು ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದಾಗ 1949ರ ಮುಂಬೈ ಪಾನನಿಷೇಧ ಕಾಯಿದೆ ಇಲ್ಲಿಗೂ ಅನ್ವಯಿಸುತ್ತಿತ್ತು: ಯಾರೂ ಮಾಡುವಂತಿಲ್ಲ, ಯಾರೂ ಕುಡಿಯುವಂತಿಲ್ಲ. ಏಕೀಕರಣದ ನಂತರ, 1960ರ ದಶಕದ ಕೊನೆಗೆ ನಿಷೇಧ ಸಡಿಲವಾಯಿತು. 1965ರ ಅಬಕಾರಿ ಕಾಯಿದೆಯ ಕೆಳಗೆ ಸರ್ಕಾರವೇ ಸಾರಾಯಿ ಮಾರುವ ಹಕ್ಕನ್ನು ಹರಾಜು ಹಾಕತೊಡಗಿತು. ಆಯಿ ಸಿಕ್ಕಿಬಿದ್ದದ್ದು ಈ ಹರಾಜಿನ ಕಾಲದಲ್ಲಿ. ಅಂದರೆ ಆಕೆಯ ತಪ್ಪು ಸಾರಾಯಿ ಮಾರಿದ್ದಲ್ಲ. ಹರಾಜು ಹಿಡಿಯದೆ ಮಾರಿದ್ದು. 2007ರ ಜುಲೈ 1ರಿಂದ ಸಾರಾಯಿಯೇ ನಿಷೇಧವಾಯಿತು. ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿಯ ಸಣ್ಣ ಪೊಟ್ಟಣಗಳು ಬಂದವು. ಮಡಕೆಯೊಳಗೆ ನಡೆಯುವ ಕ್ರಿಯೆ ಇದ್ದಂತೆಯೇ ಇತ್ತು. ಅದು ಪಾಪವೋ ವ್ಯಾಪಾರವೋ ಎಂಬುದು ಮಾತ್ರ ಒಬ್ಬ ಮನುಷ್ಯನ ಆಯುಷ್ಯದೊಳಗೆ ಮೂರು ಬಾರಿ ಬದಲಾಯಿತು.

ಸಂವಿಧಾನದ 47ನೆಯ ಅನುಚ್ಛೇದ, ಮಾದಕ ಪಾನೀಯಗಳನ್ನು ನಿಷೇಧಿಸಲು ಸರ್ಕಾರ ಯತ್ನಿಸಬೇಕು ಎನ್ನುತ್ತದೆ. 2025–26ರ ರಾಜ್ಯ ಬಜೆಟ್ಟು ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. ಎರಡನ್ನೂ ಎದುರುಬದುರು ಇಟ್ಟುಕೊಂಡು ಓದಿದರೆ, ಪರವಾನಗಿಯಿಲ್ಲದೆ ಮದ್ಯ ಮಾಡುವುದನ್ನೂ, ಮಾಡುವ ಉದ್ದೇಶದಿಂದ ಸಲಕರಣೆ ಇಟ್ಟುಕೊಳ್ಳುವುದನ್ನೂ ಅಪರಾಧವೆನ್ನುವ ಕಾಯಿದೆ ಕಾಯುತ್ತಿರುವುದು ನಮ್ಮ ಶೀಲವನ್ನೋ ಬೊಕ್ಕಸವನ್ನೋ ಎಂಬ ಅನುಮಾನ ಬರುತ್ತದೆ. ತೆರಿಗೆ ಕಾಯುವುದೂ ಸರ್ಕಾರದ ಕೆಲಸವೇ, ಇಲ್ಲವೆನ್ನುವುದಿಲ್ಲ. ಆದರೆ ಅಳಿಯ ಕೇಳಿದ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ.

ಎರಡನೆಯ ಉತ್ತರ ವಿಷದ್ದು. ಮನೆಯಲ್ಲಿ ಮಾಡಿದ್ದು ಕುಡಿದು ಜನ ಸಾಯುತ್ತಾರಲ್ಲ? 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಗಡಿಯಾಚೆಯ ಕೃಷ್ಣಗಿರಿಯ ಕಡೆ ಮತ್ತೆ ನೂರಕ್ಕೂ ಹೆಚ್ಚು ಜನ ಸತ್ತರು. ಕೊಂದದ್ದು ಮೆಥನಾಲ್, ಅಂದರೆ ಕಾರ್ಖಾನೆಗಳಲ್ಲಿ ಬಳಸುವ ರಾಸಾಯನಿಕ. ಹೆಚ್ಚು ಲಾಭಕ್ಕಾಗಿ ಬೆರೆಸಿ ಮಾರಿದ್ದು. ಕಾಳನ್ನು ಹುದುಗಿಸಿದ ಬಿಯರಿನಲ್ಲಿ ಆ ಭಯ ಇಲ್ಲವೆನ್ನುವಷ್ಟು ಕಡಿಮೆ. ಅಳಿಯನ ಹಂಡೆಯಿಂದ ಸಾವು ಬರುವುದಾದರೆ ಅದು ಕರೆಂಟಿನ ಶಾಕಿನಿಂದ ಬಂದೀತು. ಬಟ್ಟಿ ಇಳಿಸುವುದು ಹಾಗಲ್ಲ. ಅದರಲ್ಲಿ ಬೆಂಕಿಯ ಅಪಾಯವಿದೆ, ಮದ್ಯಸಾರ ಹಲವು ಪಟ್ಟು ಗಟ್ಟಿಯಾಗುತ್ತದೆ, ಏನು ಬೆರೆತಿದೆ ಎಂಬುದು ಕುಡಿಯುವವನಿಗೆ ಕಾಣುವುದಿಲ್ಲ. ಇಷ್ಟರಮಟ್ಟಿಗೆ ಆಯಿಯ ಕೆಲಸಕ್ಕೂ ಅಳಿಯನ ಕೆಲಸಕ್ಕೂ ವ್ಯತ್ಯಾಸ ಖರೆ. ಆದರೆ ಕಾನೂನು ಇಬ್ಬರನ್ನೂ ತಡೆಯುತ್ತದೆ, ನಾನು ಮಾತ್ರ ಒಬ್ಬರಿಗೆ ಬೆರಳು ತೋರಿಸಿ ಇನ್ನೊಬ್ಬರಿಗೆ ಪರದೆ ಹುಡುಕುತ್ತೇನೆ. ವಿಷದ ಲೆಕ್ಕ ಹಾಕಿ ನಾನು ಹಾಗೆ ಮಾಡಲಿಲ್ಲ.

ಹಾಗಾದರೆ ಯಾವ ಲೆಕ್ಕ? ನಮ್ಮ ಜಿಲ್ಲೆಯ ಬಾಡ ಗ್ರಾಮದ ಕನಕದಾಸರು 'ರಾಮಧಾನ್ಯಚರಿತೆ'ಯಲ್ಲಿ ಈ ಲೆಕ್ಕವನ್ನೇ ಬರೆದಿಟ್ಟಿದ್ದಾರೆ. ಅಕ್ಕಿಗೂ ರಾಗಿಗೂ ಜಗಳ ಹತ್ತುತ್ತದೆ, ಯಾರು ದೊಡ್ಡವರೆಂದು. ಅಕ್ಕಿ ದೇವರ ನೈವೇದ್ಯಕ್ಕೆ, ದೊಡ್ಡವರ ಊಟಕ್ಕೆ, ರಾಗಿ ಬಡವರದು. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಅಕ್ಕಿ ಕೆಡುತ್ತದೆ, ರಾಗಿ ಉಳಿಯುತ್ತದೆ. ರಾಗಿ ಗೆದ್ದದ್ದನ್ನೇ ನಾವು ಹೆಚ್ಚು ಹೇಳುತ್ತೇವೆ. ನನಗೆ ಮುಖ್ಯವೆನ್ನಿಸುವುದು ಎರಡನ್ನೂ ಒಂದೇ ಸೆರೆಮನೆಯಲ್ಲಿಟ್ಟದ್ದು. ಮದ್ಯಕ್ಕೂ ಜಾತಿಯಿದೆ. ಬೆಂಗಳೂರಿನ ಮೈಕ್ರೋಬ್ರುವರಿಯ ಗಾಜಿನಾಚೆ ಹೊಳೆಯುವ ತಾಮ್ರದ ಹಂಡೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತೇವೆ. ತಿಪ್ಪೆಯ ಪಕ್ಕದ ಮಡಕೆಯ ಫೋಟೊ ಅಪರಾಧ ಸುದ್ದಿಯ ಪುಟದಲ್ಲಿ ಬರುತ್ತದೆ. ಒಂದರ ಮುಂದೆ ಮಾಡಿದವರು ಹೆಮ್ಮೆಯಿಂದ ನಿಂತಿರುತ್ತಾರೆ, ಇನ್ನೊಂದರ ಮುಂದೆ ಹಿಡಿದವರು. ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಹೆಂಡದ ಮಾರಯ್ಯನೂ ಇದ್ದ. ಧರ್ಮೇಶ್ವರಲಿಂಗ ಅವನ ಅಂಕಿತ. ಅವನನ್ನು ಒಳಗೆ ಕರೆದುಕೊಂಡವರು ಅವನ ಕಸುಬಿನ ಹೆಸರನ್ನು ಒರೆಸಿಹಾಕಲಿಲ್ಲ. ಕಸುಬು ಯಾವುದು ಎಂಬುದರಿಂದಲೇ ಮನುಷ್ಯನ ತೂಕ ಮುಗಿಯುವುದಿಲ್ಲ ಎಂದು ಅವರು ತಿಳಿದಿದ್ದರು. ನಾನು ಹನ್ನೆರಡು ವರ್ಷದವನಿದ್ದಾಗ ಅದನ್ನು ತಿಳಿದಿರಲಿಲ್ಲ.

ಒಂದೇ ಸೆರೆಮನೆಯಲ್ಲಿಡಬೇಕು ಸರಿ. ಪರೀಕ್ಷೆ ಯಾವುದು? ಅದು ನನಗೆ ಸಿಕ್ಕಿದ್ದು ಅಳಿಯನ ಪೆಟ್ಟಿಗೆಯಲ್ಲೇ. ನೀರೂ ಕರೆಂಟೂ ಒಂದೇ ಪಾತ್ರೆಯಲ್ಲಿರುವಾಗ ಹಂಡೆಯ ಮೈಗೆ ಅರ್ಥಿಂಗ್ ಕೊಡಲೇಬೇಕು. ಜೊತೆಗೆ ಸೋರಿಕೆ ಕಂಡೊಡನೆ ಲೈನು ಕಡಿಯುವ ಸ್ವಿಚ್ಚೊಂದು ಬೇಕು. ನಮ್ಮ ಹೊಸ ಮನೆಗಳ ಮೀಟರ್ ಬೋರ್ಡಿನ ಹತ್ತಿರ ಇರುವ ಆರ್‌ಸಿಸಿಬಿ ಮಾಡುವುದು ಅದನ್ನೇ. ಒಂದು ತಂತಿಯಲ್ಲಿ ಹೋದದ್ದೆಷ್ಟು, ಇನ್ನೊಂದರಲ್ಲಿ ಮರಳಿ ಬಂದದ್ದೆಷ್ಟು ಎಂದು ಅದು ತೂಗುತ್ತಲೇ ಇರುತ್ತದೆ. ಎರಡರ ನಡುವೆ 30 ಮಿಲಿಆಂಪಿಯರಿನಷ್ಟು ಕೊರತೆ ಬಿದ್ದರೆ ಕಣ್ಣು ಮಿಟುಕಿಸುವುದರೊಳಗೆ ಕಡಿಯುತ್ತದೆ. ಕೊರತೆ ಬಿತ್ತೆಂದರೆ ಕರೆಂಟು ಯಾರದೋ ಮೈಯೊಳಗಿಂದ ನೆಲ ಸೇರುತ್ತಿರಬಹುದು ಎಂದರ್ಥ. ಆ ಮೈ ಯಜಮಾನನದೋ ಪಾತ್ರೆ ತೊಳೆಯುವವಳದೋ ಎಂದು ಸ್ವಿಚ್ಚು ಕೇಳುವುದಿಲ್ಲ.

ಮದ್ಯದ ನೀತಿಯನ್ನೂ ಹೀಗೆ ತೂಗಬಹುದಲ್ಲ ಅನ್ನಿಸಿತು. ಒಂದು ಲೋಟದ ಸುಖಕ್ಕೆ ತಗಲುವ ವೆಚ್ಚ ಕುಡಿದವನಲ್ಲೇ ಮುಗಿಯುತ್ತದೆಯೋ, ಬೇರೆಯವರ ಮೈಮೇಲೆ ಹರಿಯುತ್ತದೆಯೋ?

ಆಯಿಯನ್ನು ಮೊದಲು ತೂಗೋಣ. ಆಕೆ ಬಡವಿ ಎಂಬ ಕಾರಣಕ್ಕೆ ರಿಯಾಯಿತಿ ಕೊಟ್ಟರೆ ಅದೂ ಒಂದು ಬಗೆಯ ಕೀಳರಿಮೆಯನ್ನು ಆಕೆಗೆ ಅಂಟಿಸಿದಂತೆ. ಆಕೆಯ ಬಳಿ ಕುಡಿದು ಹೋದ ಗಂಡಸರು ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಓಣಿಗೆಲ್ಲ ಕೇಳುತ್ತಿತ್ತು. ಸೋರಿಕೆ ಇತ್ತು, ಆಕೆಗೂ ಗೊತ್ತಿತ್ತು. ಆದ್ದರಿಂದ ನಾನು ಬೆರಳು ತೋರಿದ್ದು ಪೂರಾ ತಪ್ಪೆಂದು ಇಂದಿಗೂ ಹೇಳಲಾರೆ. ತಪ್ಪಾದದ್ದು, ಆ ಬೆರಳು ಹರಾಜು ಹಿಡಿದ ಅಂಗಡಿಯತ್ತ ಎಂದೂ ಏಳದೆ ಇದ್ದದ್ದು. ಅಲ್ಲಿಂದಲೂ ಅದೇ ಗಂಡಸರು ಅದೇ ಮನೆಗಳಿಗೆ ಹೋಗುತ್ತಿದ್ದರು.

ಸರ್ಕಾರವನ್ನು ತೂಗಿದರೆ ಸೋರಿಕೆ ಎಲ್ಲಕ್ಕಿಂತ ದೊಡ್ಡದು. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದು ಬಂದರು. ಹಳ್ಳಿಗಳಿಂದ ಬಂದ, ಕೂಲಿ ಬಿಟ್ಟು ನಡೆದ ಹೆಂಗಸರು. ಹೋದದ್ದಕ್ಕೂ ಬಂದದ್ದಕ್ಕೂ ನಡುವಿನ ಕೊರತೆ ತಮ್ಮ ಮೈಮೇಲೆ ಹರಿಯುತ್ತಿದೆ ಎಂದು ಹೇಳಲು ಅವರು ಅಷ್ಟು ದೂರ ನಡೆಯಬೇಕಾಯಿತು. ಲೈನು ಮಾತ್ರ ಕಡಿಯಲಿಲ್ಲ.

ಇನ್ನು ಅಳಿಯ. ಅವನು ಮಾರುವುದಿಲ್ಲ. ವಾರಕ್ಕೆ ಎರಡು ಗ್ಲಾಸು, ಸ್ನೇಹಿತರಿಗೆ ನಾಲ್ಕು ಬಾಟಲಿ. ಎಷ್ಟೇ ಕಡಿಮೆ ಕುಡಿದರೂ ಆರೋಗ್ಯಕ್ಕೆ ಸುರಕ್ಷಿತವೆನ್ನುವ ಮಟ್ಟವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆದರೆ ಆ ನಷ್ಟ ಅವನದೇ ಮೈಯದು. ಸೋರಿಕೆ ಸೊನ್ನೆ ಎಂದು ಬರೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಇನ್ನೊಂದು ಕಾಲ್‌ನಲ್ಲಿ ಅವನ ಹೆಂಡತಿ ನಗುತ್ತಲೇ ಅಂದಳು: "ಶನಿವಾರ ಪೂರ್ತಿ ಇವರದು ಬಿಯರ್, ಮಾಮಾ. ಐತವಾರ ಆ ಹಂಡೆ, ಪೈಪು ತಿಕ್ಕೂದು ನಂದು." ಬಿಯರ್ ಮಾಡುವುದರಲ್ಲಿ ಹೆಚ್ಚಿನ ಕೆಲಸ ತೊಳೆಯುವುದೇ ಎಂದು ಅವನೇ ಹೇಳಿದ್ದ, ತೊಳೆಯುವವರು ಯಾರೆಂದು ಹೇಳಿರಲಿಲ್ಲ. 30 ಮಿಲಿಆಂಪಿಯರಿಗಿಂತ ಕಡಿಮೆ ಇರಬಹುದು, ಸೊನ್ನೆಯಲ್ಲ.

ಆದರೂ ಮೂರರಲ್ಲಿ ಎಲ್ಲಕ್ಕಿಂತ ಕಡಿಮೆ ಸೋರುವುದು ಅವನದೇ. ಹಾಗಿದ್ದರೆ ಖೋಲಿ ಕೊಡಬೇಕಲ್ಲವೇ? ಬಹಳ ದಿನ ಯೋಚಿಸಿ ನಾನು ಅವನಿಗೆ ಇಷ್ಟು ಹೇಳಿದೆ: "ನಿನ್ನ ಹಂಡ್ಯಾಗ ತಪ್ಪಿಲ್ಲ. ಆದ್ರ ಖೋಲಿ ಕೊಡಂಗಿಲ್ಲ. ಜೀಪು ಬರ್ತೈತಿ ಅನ್ನೂ ಅಂಜಿಕಿಗೆ ಅಲ್ಲ. ನಮ್ಮ ಮನಿಗೆ ಬರೂದಿಲ್ಲ ಅನ್ನೂದು ನನಗ ಗ್ಯಾರಂಟಿ ಐತೆಲ್ಲ, ಅದಕ್ಕ."

ಅವನು ಸುಮ್ಮನೆ ಬಿಡಲಿಲ್ಲ. "ಆಯಿಗೆ ಸಿಗದ್ದು ಯಾರಿಗೂ ಸಿಗಬಾರದು ಅಂದ್ರ ಅದು ನ್ಯಾಯ ಅಲ್ಲ ಮಾಮಾ, ಹೊಟ್ಟಿಕಿಚ್ಚು." ಒಳ್ಳೆಯ ಮಾತು. ಸಮಾನತೆಯ ಹೆಸರಿನಲ್ಲಿ ಎಲ್ಲರ ದೀಪ ಆರಿಸುವವರನ್ನು ನಾನೂ ನೋಡಿದ್ದೇನೆ. ಆದರೆ ನಾನು ಹೇಳುತ್ತಿರುವುದು ಬೇರೆ. ಪರದೆ ಎಳೆದುಕೊಂಡು ಅನುಭವಿಸುವುದು ಹಕ್ಕಲ್ಲ, ಮನೆಯ ಅಂತಸ್ತು ನೋಡಿ ಸಿಗುವ ರಿಯಾಯಿತಿ. ಆ ರಿಯಾಯಿತಿಯನ್ನು ಸದ್ದಿಲ್ಲದೆ ಬಳಸಿಕೊಂಡವನಿಗೆ ಕಾನೂನು ಬದಲಾಗಬೇಕು ಎಂಬ ತುರ್ತು ಉಳಿಯುವುದಿಲ್ಲ. ತನ್ನ ಕೆಲಸ ಆಯಿತಲ್ಲ! ಉಳಿದವರ ಮಡಕೆ ಒಡೆಯುತ್ತಲೇ ಇರುತ್ತದೆ. ಮಧ್ಯಪ್ರದೇಶ, ಛತ್ತೀಸಗಡಗಳಲ್ಲಿ ಆದಿವಾಸಿ ಕುಟುಂಬಗಳು ಮನೆಬಳಕೆಗೆ ಇಪ್ಪೆ ಹೂವಿನ ಮದ್ಯ ಮಾಡಿಕೊಳ್ಳಲು ಕಾನೂನೇ ವಿನಾಯಿತಿ ಕೊಟ್ಟಿದೆ. ಇಂತಿಷ್ಟು, ಮನೆಗೆ ಮಾತ್ರ, ಮಾರಾಟಕ್ಕಲ್ಲ ಎಂಬ ನಿಯಮ ನಮ್ಮಲ್ಲಿಯೂ ಬರಲಿ ಎಂದು ಬೆಳಕಿನಲ್ಲಿ ನಿಂತು ಕೇಳುವುದಾದರೆ ನಾನೂ ಜೊತೆಗೆ ಬರುತ್ತೇನೆ. ಆ ನಿಯಮ ಸ್ಟೀಲಿನ ಹಂಡೆಗೂ ಮಣ್ಣಿನ ಮಡಕೆಗೂ ಒಂದೇ ಇರಬೇಕು. ಮತ್ತು ಕೇಳುವ ಮೊದಲು ಚಿತ್ರದುರ್ಗದಿಂದ ನಡೆದು ಬಂದವರಂಥ ಹೆಂಗಸರ ಮಾತು ಕೇಳಬೇಕು. ಅವರು ಬೇಡ ಅಂದರೆ ನನ್ನ ಹತ್ತಿರ ಅದಕ್ಕಿಂತ ದೊಡ್ಡ ವಾದವಿಲ್ಲ.

ಈ ಬೇಸಿಗೆಯಲ್ಲಿ ಅಳಿಯ ಬಂದ. ಹಂಡೆಗಳನ್ನು ಅಲ್ಲೇ ಮಾರಿ ಕರಿ ಪೆಟ್ಟಿಗೆಯೊಂದನ್ನು ತಂದಿದ್ದ. ಕೈ ಸುಮ್ಮನಿರುವ ಹುಡುಗನಲ್ಲ. ಇಲ್ಲಿಯ 16 ಆಂಪಿಯರ್ ಪ್ಲಗ್ಗಿಗೆ ಹೊಂದುವ 2,000 ವ್ಯಾಟಿನ ಕಾಯಿಲ್ ಕೂಡಿಸಿ, ನಮ್ಮ ಮನೆಯ ಹಳೆಯ ಸ್ಟೀಲ್ ಹಂಡೆಯಲ್ಲಿ ಮೊಳಕೆ ರಾಗಿಯ ಹಿಟ್ಟು ಕಲಸಿ 66 ಡಿಗ್ರಿಯಲ್ಲಿ ಒಂದು ತಾಸು ಇಟ್ಟ. ಬೆಲ್ಲ ಹಾಕದೆಯೇ ಅದು ಸಿಹಿಯಾಯಿತು. ಅಕ್ಕ ಲೋಟ ತುಂಬ ಕುಡಿದು, "ಅಂಬಲಿಗಿಂತ ಚಲೋ ಐತಲ್ಲೋ," ಅಂದಳು. ಅಲ್ಲಿಯವರೆಗೆ ಅದು ನಾಷ್ಟಾ. ಇನ್ನು ಒಂದು ಚಿಟಿಕೆ ಈಸ್ಟ್ ಹಾಕಿದ್ದರೆ ಗುನ್ಹೆಯ ದಾರಿ. ಹಾಕಲಿಲ್ಲ. ಹಂಡೆಯನ್ನು ಅವನೇ ತೊಳೆಯಬೇಕೆಂದು ಮಾತಾಗಿತ್ತು, ನಾಳೆ ನಾಳೆ ಎಂದು ಉಳಿದದ್ದನ್ನು ಹಾಗೇ ಮುಚ್ಚಿಟ್ಟ.

ಮೂರನೆಯ ದಿನ ಮುಚ್ಚಳ ತೆಗೆದರೆ ಮೇಲೆ ಸಣ್ಣಗೆ ನೊರೆ, ಗುಳ್ಳೆ. ಗಾಳಿಯಲ್ಲಿ, ಹಿಟ್ಟಿನಲ್ಲಿ ಇರುವ ಈಸ್ಟಿಗೆ ಯಾರ ಪರವಾನಗಿಯೂ ಬೇಕಿಲ್ಲ. ಹುಳಿ ವಾಸನೆ ಮೂಗಿಗೆ ಬಡಿದಾಗ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಓಣಿಯಲ್ಲಿ ಮೂರು ದಿನ ನಿಂತಿದ್ದ ವಾಸನೆ ಅದೇ. 1978ರ ನಂತರ ಅದು ನನ್ನ ಹತ್ತಿರ ಬಂದಿರಲಿಲ್ಲ.

"ಇದನ್ನ ಯಾರು ಹಿಂಗ ಇಟ್ಟಾರು?" ಎಂದು ಅಕ್ಕ ಅಡುಗೆಮನೆಯಿಂದ ಕೇಳಿದಳು. ಅಳಿಯ ನನ್ನ ಮುಖ ನೋಡಿದ. ನಾನು ಬೆರಳು ತೋರಿಸಲಿಲ್ಲ. ಹಂಡೆಯ ಒಂದು ಕಿವಿ ನಾನು ಹಿಡಿದೆ, ಇನ್ನೊಂದು ಅವನು ಹಿಡಿದ. ಹಿತ್ತಲಿಗೆ ಒಯ್ದು ಇಬ್ಬರೂ ಕೂತು ತಿಕ್ಕಿದೆವು.